ನಿಮ್ಮ ಸೈಕಲ್ ತೋರಿಸಿ. ಬೆಲೆ ಬೇಡ, ಏನು ಬದಲಾಯಿಸಿದಿರಿ ಅದನ್ನು ಹೇಳಿ

ಕಡ್ಡಿಬ್ರೇಕ್_ಮೈಸೂರು

ಸೈಕಲ್ ಫೋಟೋ ಹಾಕುವ ಜಾಗಗಳು ಬೇಕಾದಷ್ಟಿವೆ. ಎಲ್ಲ ಕಡೆ ಒಂದೇ ಕತೆ. ಹೊಸ ಸೈಕಲ್ ಗೋಡೆಗೆ ಒರಗಿಸಿ ಒಂದು ಫೋಟೋ, ಕೆಳಗೆ 'ಎಷ್ಟು ಬಿತ್ತು?' ಅಂತ ಸಾಲು ಸಾಲು ಪ್ರಶ್ನೆ. ಇಲ್ಲಿ ಬೆಲೆ ಬೇಡ. ಅಂಗಡಿಯಿಂದ ಮನೆಗೆ ಬಂದ ಮೇಲೆ ಅದರಲ್ಲಿ ಏನು ಬದಲಾಯಿಸಿದಿರಿ, ಯಾಕೆ, ಅಷ್ಟು ಬರೆಯಿರಿ. ಏನೂ ಮುಟ್ಟಿಲ್ಲ ಅಂದ್ರೆ ಅದಕ್ಕೂ ಕಾರಣ ಇರುತ್ತೆ, ಅದನ್ನೂ ಹೇಳಿ.

ನಾನೇ ಶುರು ಮಾಡುತ್ತೇನೆ. ನನ್ನದು 28 ಇಂಚಿನ ರಾಲಿ, ನಾಟಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ತಾತ ಇದರಲ್ಲೇ ರೈಲ್ವೆ ವರ್ಕ್‌ಶಾಪ್‌ಗೆ ಹೋಗಿಬರುತ್ತಿದ್ದರು. ಹಿಂದಿನ ಚಕ್ರದಲ್ಲಿ ಸ್ಟರ್ಮಿ ಆರ್ಚರ್ ಕಂಪನಿಯ 3 ಗೇರ್ ಹಬ್ ಇದೆ, ಅಂದ್ರೆ ಚಕ್ರದ ನಡುವಿನ ಗುಂಬದೊಳಗೇ ಗೇರು. ಹಬ್ ಮೇಲೆ 'ಎಡಬ್ಲ್ಯು' ಅಂತ, ಪಕ್ಕದಲ್ಲಿ 52 ಅಂತ ಒತ್ತಿದ್ದಾರೆ. ಅಂದ್ರೆ ಹಬ್ 1952ರದ್ದು. ಕಡ್ಡಿ ಬ್ರೇಕು, ಚೈನು ಪೂರ್ತಿ ಮುಚ್ಚುವ ಪೆಟ್ಟಿಗೆ, ಹ್ಯಾಂಡಲ್ ಕೆಳಗೆ ಹಳೇ ಲೈಸೆನ್ಸ್ ಬಿಲ್ಲೆ. ಎಲ್ಲ ಇದ್ದ ಹಾಗೇ ಇದೆ.

ಬದಲಾಯಿಸಿದ್ದು ಒಂದೇ, ಹಿಂದಿನ ಹಲ್ಲುಚಕ್ರ. 18 ಹಲ್ಲಿನದು ಇತ್ತು, 22ರದ್ದು ಹಾಕಿದೆ. ಮುಂದೆ 46. ಈ ಹಬ್‌ನಲ್ಲಿ ಕೆಳಗಿನ ಗೇರು ನಡುವಿನದರ ಮುಕ್ಕಾಲು ಪಾಲು. ಆ ಕೆಳಗಿನ ಗೇರಿನಲ್ಲಿ ಮೊದಲು ಪೆಡಲ್ ಒಂದು ಸುತ್ತು ತಿರುಗಿಸಿದರೆ ಗಾಡಿ ಸುಮಾರು 4.3 ಮೀಟರ್ ಹೋಗುತ್ತಿತ್ತು, ಈಗ 3.5 ಮೀಟರ್. ಕೇಳೋಕೆ ಸಣ್ಣದು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಳಿದು ತಳ್ಳುವುದಕ್ಕೂ ಕೂತೇ ಹತ್ತುವುದಕ್ಕೂ ಇರುವ ಅಂತರ ಅಷ್ಟೇ.

ಫೋಟೋ 2ರಲ್ಲಿ ಹಬ್ ಮೇಲೆ ಪುಟ್ಟ ಮುಚ್ಚಳ ಕಾಣುತ್ತೆ ನೋಡಿ. ಆಗಾಗ ಅದನ್ನು ಎತ್ತಿ ತೆಳ್ಳಗಿನ ಎಣ್ಣೆ ಒಂದೆರಡು ಹನಿ ಬಿಡಬೇಕು. ಈ ಹಬ್ ಬೇಡುವುದು ಅಷ್ಟೇ.

ನಂದಿ_ಭಾನುವಾರ

ಸರ್, ಗಾಡಿ ಸೂಪರ್. ಆದ್ರೆ 20 ಕೆಜಿ ಹತ್ತಿರ ಇರಬೇಕಲ್ವಾ ಅದು?

ನನ್ನದು ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಶಿಮಾನೋ ಕಂಪನಿಯ 105 ಅನ್ನೋ ಗೇರ್ ಸೆಟ್, 11 ಸ್ಪೀಡ್ (ಹಿಂದೆ 11 ಹಲ್ಲುಚಕ್ರ). ನಾನು ಮುಟ್ಟಿದ್ದೂ ನಿಮ್ಮ ಹಾಗೆ ಹಿಂದಿನ ಹಲ್ಲನ್ನೇ. ಬರುವಾಗ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲಿನವರೆಗೆ ಇತ್ತು. ಟಿವಿಯಲ್ಲಿ ರೇಸ್ ನೋಡಿದವರಿಗೆ 28 ಸಾಕು ಅನ್ನಿಸುತ್ತೆ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಮಂಡಿಯನ್ನು ಕೇಳಿ, ಅದು ಬೇರೆಯೇ ಹೇಳುತ್ತೆ. 1478 ಮೀಟರ್ ಎತ್ತರದ ಬೆಟ್ಟ ಅದು. ಈಗ 11-34 ಹಾಕಿದ್ದೇನೆ. ಮುಂದೆ 34, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತಿಗೆ 2.55 ಮೀಟರ್, 34-34ರಲ್ಲಿ 2.1.

ಇದೇ ಯೋಚನೆ ಇರುವವರು ಒಂದು ಗಮನಿಸಿ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮಾತ್ರ ತಂದರೆ ಆಗಲ್ಲ. 105ರ ಆರ್7000 ಸರಣಿಯಲ್ಲಿ ಹಿಂದಿನ ಡಿರೈಲರ್, ಅಂದ್ರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಎರಡು ಥರ ಬರುತ್ತೆ. ಗಿಡ್ಡ ಕೇಜ್‌ನದಕ್ಕೆ (ಕೇಜ್ ಅಂದ್ರೆ ಅದರ ಚೈನು ಹಿಡಿಯುವ ತೋಳು) 30 ಹಲ್ಲೇ ಮಿತಿ, ಉದ್ದ ಕೇಜ್‌ನದು 34ರವರೆಗೆ ತಡೆಯುತ್ತೆ. ಚೈನನ್ನೂ ಉದ್ದ ಮಾಡಬೇಕು. ಉದ್ದ ಸಾಲದ ಚೈನಿನಲ್ಲಿ ಮುಂದಿನ ದೊಡ್ಡ ಚಕ್ರಕ್ಕೆ ಹಿಂದಿನ ದೊಡ್ಡದು ಹಾಕಿದರೆ ಡಿರೈಲರ್ ಕಿತ್ತುಕೊಂಡು ಬರುತ್ತೆ.

ಪಂಚರ್_ಅಂಗಡಿ

ಮೈಸೂರು ಸರ್, ಹಬ್‌ಗೆ ತೆಂಗಿನೆಣ್ಣೆ ಅಂತೂ ಹಾಕ್ತಿಲ್ಲ ತಾನೆ? ತಮಾಷೆ ಅಲ್ಲ, ಹಾಗೆ ಮಾಡಿದ ಹಬ್ ನಮ್ಮ ಅಂಗಡಿಗೆ ಬಂದಿದೆ. ಒಳಗೆಲ್ಲ ಗೋಂದು.

ಕಡ್ಡಿಬ್ರೇಕ್_ಮೈಸೂರು

ಇಲ್ಲ ಇಲ್ಲ. ಹೊಲಿಗೆ ಮಿಷಿನ್ ಎಣ್ಣೆ.

ಪಂಚರ್_ಅಂಗಡಿ

ಹಾಗಾದ್ರೆ ಸರಿ. ಇನ್ನೊಂದು ಹೇಳಿಬಿಡ್ತೀನಿ. ನಿಮ್ಮ ಗಾಡಿ ನಾಟಿಂಗ್‌ಹ್ಯಾಮ್‌ದು. ಅದರ ಬಾಟಮ್ ಬ್ರಾಕೆಟ್, ಅಂದ್ರೆ ಪೆಡಲ್ ಬುಡದ ಅಚ್ಚು ಕೂರುವ ಜಾಗ, ಅದರ ಥ್ರೆಡ್ ಇಂಚಿಗೆ 26 ಸುತ್ತು. ನಮ್ಮಲ್ಲಿ ಸಿಗುವ, ಅಲ್ಲಿಗೆ ತಿರುಗಿಸಿ ಕೂರಿಸುವ ಬೇರಿಂಗ್ ಕಪ್‌ಗಳೆಲ್ಲ 24ರವು. ಯಾವನಾದರೂ ಹುಡುಗ 'ಕೂತುಕೊಳ್ಳುತ್ತೆ ಬಿಡಿ ಸಾರ್' ಅಂತ ಪಾನಾ ಹಿಡಿದು ಬಂದರೆ ಗಾಡಿ ಎತ್ತಿಕೊಂಡು ಓಡಿ. 24ರ ಕಪ್ಪನ್ನು 26ರ ಥ್ರೆಡ್‌ಗೆ ಜಬರ್ದಸ್ತಿ ತಿರುಗಿಸಿದರೆ ಆ ಫ್ರೇಮ್ ಮುಗೀತು.

ಈ 24ರ ಥ್ರೆಡ್‌ಗೆ ಇವತ್ತಿಗೂ ಬಿಎಸ್‌ಎ ಥ್ರೆಡ್ ಅಂತಲೇ ಹೆಸರು. ಲಕ್ಷದ ಕಾರ್ಬನ್ ಗಾಡಿಯ ಬಾಕ್ಸ್ ಮೇಲೂ ಬಿಎಸ್‌ಎ ಅಂತ ಬರೆದಿರುತ್ತೆ. ಬಿಎಸ್‌ಎ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕು ಮಾಡುತ್ತಿದ್ದ ಕಂಪನಿ. ಗುರುತೂ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕು. ನಮ್ಮ ಬಿಎಸ್‌ಎ ಎಸ್‌ಎಲ್‌ಆರ್, ಹರ್ಕ್ಯುಲಿಸ್ ಎಲ್ಲ ಮದ್ರಾಸಿನ ಅಂಬತ್ತೂರಿನ ಟಿಐ ಸೈಕಲ್ಸ್‌ದು. 1949ರಲ್ಲಿ ಶುರುವಾದ ಕಂಪನಿ ಅದು.

ಒಳಪೆಡಲ್

ಹರ್ಕ್ಯುಲಿಸ್ ಅಂದ್ರಿ, ತಡೆಯೋಕೆ ಆಗಲಿಲ್ಲ. ನನ್ನದು ಅಟ್ಲಾಸ್. ಕಪ್ಪು ಬಣ್ಣ, 24 ಇಂಚಿನ ಫ್ರೇಮು. ಬಾರ್ ಮೇಲೆ ಕಾಲು ಎಟುಕದೆ ಒಳಪೆಡಲ್ ಹೊಡೆದು ಕಲಿತ ಗಾಡಿ. ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯವರು ಅಂಗಡಿ ಮುಚ್ಚುವಾಗ ಅಪ್ಪ ಕೊಂಡುಕೊಂಡರು.

ಸೋನಿಪತ್‌ನಲ್ಲಿ 1951ರಲ್ಲಿ ಶುರುವಾದ ಕಂಪನಿ. ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ಕ್ಕೆ. ಅವತ್ತು ವಿಶ್ವ ಸೈಕಲ್ ದಿನ. ಹಾಗಾಗಿ ಬಿಡಿಭಾಗ ಸಿಗಲ್ಲ ಅಂತ ಹೆದರಿದ್ದೆ. ಸುಮ್ನೆ ಹೆದರಿಕೆ. ಈ ಗಾಡಿಗಳ ಸಾಮಾನೆಲ್ಲ ಒಂದೇ ಅಳತೆ. ಟೈರು 28 ಇಂಟು ಒಂದೂವರೆ, ಯಾವ ಹೋಬಳಿಯಲ್ಲಾದರೂ ಸಿಗುತ್ತೆ.

ಬದಲಾಯಿಸಿದ್ದು ಸೀಟಿನ ಸ್ಪ್ರಿಂಗು, ಪೆಡಲ್ಲು, ಎರಡೂ ಕಾಟರ್ ಪಿನ್ನು (ಪೆಡಲ್ ತೋಳನ್ನು ಅಚ್ಚಿಗೆ ಬಿಗಿಯುವ ಬೆಣೆ). ಕಾಟರ್ ಪಿನ್ ಕಿತ್ತವರಿಗೇ ಗೊತ್ತು ಆ ಕಷ್ಟ. ಸುತ್ತಿಗೆಯಲ್ಲಿ ಹೊಡೆದರೆ ತುದಿ ಅಣಬೆ ಥರ ಅರಳಿ ಇನ್ನೂ ಗಟ್ಟಿಯಾಗುತ್ತೆ. ಒಂದು ಜಿ ಕ್ಲಾಂಪ್, ಒಂದು ಹಳೇ ಸಾಕೆಟ್ ತಗೊಳ್ಳಿ. ಹಿಂದಿನ ರಾತ್ರಿ ಸೀಮೆಎಣ್ಣೆ ಬಿಡಿ. ಬೆಳಿಗ್ಗೆ ಕ್ಲಾಂಪ್ ಬಿಗಿ ಮಾಡುತ್ತಾ ಹೋಗಿ. 'ಟಕ್' ಅಂತ ಗುಂಡು ಹೊಡೆದ ಸದ್ದು ಬರುತ್ತೆ, ಪಿನ್ ಆಚೆ ಬಂದಿರುತ್ತೆ.

ನಂದಿ_ಭಾನುವಾರ

ಒಂದು ಮಾತು, ಬೇಜಾರಾಗಬೇಡಿ. ಮುಂದೆ 44, ಹಿಂದೆ 18 ಇರುವ ಒಂಟಿ ಗೇರಿನ ಗಾಡಿಯಲ್ಲಿ ಒಂದು ಸುತ್ತಿಗೆ ಸುಮಾರು 5.5 ಮೀಟರ್. ಅದರಲ್ಲಿ ಬೆಟ್ಟ ಹತ್ತೋಕೆ ಆಗಲ್ಲ, ದೂರ ಹೋಗೋಕೆ ಆಗಲ್ಲ. ನೆನಪಿಗೆ ಇಟ್ಟುಕೊಳ್ಳೋದು ಸರಿ. ಓಡಿಸೋಕೆ ಯಾಕೆ?

ಒಳಪೆಡಲ್

ನಮ್ಮೂರಲ್ಲಿ ಬೆಟ್ಟ ಇಲ್ಲ ರೀ. ಹಾಲಿನ ಡೈರಿ ಇದೆ. ಎರಡು ಕ್ಯಾನ್ ಕಟ್ಟಿಕೊಂಡು ನಿಮ್ಮ ಕಾರ್ಬನ್ ಫೋರ್ಕ್‌ನಲ್ಲಿ ಒಂದು ಸಲ ಬನ್ನಿ, ಚಹಾ ನಂದು.

ಮಲೆನಾಡ_ಮಳೆ

ಹಹ್ಹಾ, ಇದು ಬೇಕಿತ್ತು.

ನಾನು ತೀರ್ಥಹಳ್ಳಿ ಕಡೆಯವನು. ಕಡ್ಡಿ ಬ್ರೇಕಿನ ಮೇಲೆ ನನಗೂ ಪ್ರೀತಿ ಇದೆ ಮಾರಾಯ್ರೆ, ಆದ್ರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬರೀ ಅಲಂಕಾರ. ಕ್ರೋಮ್ ಹಾಕಿದ ಉಕ್ಕಿನ ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತೆ ಅಷ್ಟೇ, ಹಿಡಿಯಲ್ಲ. ಬ್ರೇಕ್ ಒತ್ತಿದ ಮೇಲೆ ಗಾಡಿ ಎಲ್ಲಿ ನಿಲ್ಲಬೇಕು ಅಂತ ಅದೇ ತೀರ್ಮಾನ ಮಾಡುತ್ತೆ.

ನನ್ನದು ಹೈಬ್ರಿಡ್, ಸ್ಟೀಲ್ ಫ್ರೇಮು. ಡಿಸ್ಕ್ ಬ್ರೇಕ್ ಇದ್ದದ್ದಕ್ಕೇ ತಗೊಂಡಿದ್ದು. ಆಗುಂಬೆ ಘಾಟಿಯ 14 ತಿರುವು ಮಳೆಯಲ್ಲಿ ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ರಿಮ್ ಬ್ರೇಕಿನ ರಬ್ಬರು ಸವೆದು ಕಪ್ಪು ನೀರಾಗಿ ಸುರಿಯುತ್ತಿತ್ತು. ರಬ್ಬರಿನ ಜೊತೆ ರಿಮ್ಮೂ ಸವೆಯುತ್ತೆ, ಅದನ್ನು ಯಾರೂ ನೋಡಲ್ಲ.

ಬದಲಾಯಿಸಿದ್ದು ಮಡ್‌ಗಾರ್ಡು. ಅಂಗಡಿಯವರು ಕೊಟ್ಟದ್ದು ಗಿಡ್ಡ ಪ್ಲಾಸ್ಟಿಕ್. ಅದನ್ನು ಕಿತ್ತು ಪೂರ್ತಿ ಉದ್ದದ್ದು ಹಾಕಿದೆ. ಮುಂದಿನದರ ಕೆಳಗೆ ಲಾರಿ ಟ್ಯೂಬು ಕತ್ತರಿಸಿ ಒಂದು ಗೇಣು ಉದ್ದದ ಪಟ್ಟಿ ಕಟ್ಟಿದ್ದೇನೆ, ಫೋಟೋ 3. ಇದಿಲ್ಲದಿದ್ದರೆ ಮುಂದಿನ ಚಕ್ರದ ಕೆಸರೆಲ್ಲ ಸೀದಾ ಚೈನಿಗೂ ಶೂಗೂ ಬಡಿಯುತ್ತೆ.

ಸ್ಟೀಲ್ ಫ್ರೇಮ್ ಇರುವವರು ಇನ್ನೊಂದು ಮಾಡಿ. ಮಳೆಗಾಲ ಮುಗಿದ ಮೇಲೆ ಸೀಟಿನ ಕಂಬ ಕಿತ್ತು ಸೈಕಲ್ ತಲೆಕೆಳಗು ಮಾಡಿ. ನನ್ನದರಿಂದ ಪ್ರತಿ ವರ್ಷ ಕಂದು ಬಣ್ಣದ ನೀರು ಸುರಿಯುತ್ತೆ. ಸೀಟಿನ ಕೊಳವೆಯಿಂದ ಇಳಿದ ನೀರು ಪೆಡಲ್ ಬುಡದಲ್ಲಿ ನಿಂತು ಒಳಗಿಂದಲೇ ತಿನ್ನುತ್ತೆ. ಹೊರಗೆ ಬಣ್ಣ ಫಳಫಳ ಇರುತ್ತೆ, ಒಳಗೆ ತೂತು. ಪೆಡಲ್ ಬುಡದ ಕೆಳಗೆ ನೀರು ಇಳಿಯುವ ಸಣ್ಣ ತೂತು ಇದ್ದರೆ ಕೆಸರು ಕಟ್ಟದ ಹಾಗೆ ಕಡ್ಡಿ ಹಾಕಿ ಬಿಡಿಸುತ್ತಿರಿ.

ಬ್ರೆವೆ_ಕಾರ್ಡು

ಎಲ್ಲರೂ ಗೇರು, ಬ್ರೇಕು ಅಂತಿದ್ದೀರಿ. ದೂರ ಹೋಗುವವರನ್ನು ಕೇಳಿ. ಗಾಡಿಯಲ್ಲಿ ಮುಖ್ಯವಾದದ್ದು ಸೀಟು, ಆಮೇಲೆ ದೀಪ. ಉಳಿದದ್ದೆಲ್ಲ ಆಮೇಲೆ.

ನಾನು ಬಿಆರ್‌ಎಂ ಓಡಿಸುತ್ತೇನೆ, ಅಂದ್ರೆ ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸುವ ದೂರದ ಸವಾರಿ. ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ ಇದು ರೇಸ್ ಅಲ್ಲ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಅಷ್ಟರೊಳಗೆ ಮುಗಿಸಬೇಕು. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಹಿಂದೆ ಕಾರು ಬರಲ್ಲ, ಪಂಚರ್ ಆದರೆ ನೀವೇ ಹಾಕಿಕೊಳ್ಳಬೇಕು. ನಾಲ್ಕನ್ನೂ ಒಂದೇ ಸೀಸನ್‌ನಲ್ಲಿ ಮುಗಿಸಿದರೆ ಸೂಪರ್ ರಾಂಡನ್ಯೂರ್ ಅನ್ನೋ ಬಿರುದು. ನಿಯಮ ಎಲ್ಲ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್‌ನದು. ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ನಡೆಯುತ್ತೆ, 1200 ಕಿ.ಮೀ., 90 ಗಂಟೆ. ಬೆಂಗಳೂರಿನಿಂದಲೂ ಜನ ಹೋಗುತ್ತಾರೆ.

ನನ್ನ ಸ್ಟೀಲ್ ಟೂರಿಂಗ್ ಗಾಡಿಗೆ ಮುಂದಿನ ಚಕ್ರವನ್ನೇ ಹೊಸದಾಗಿ ಕಟ್ಟಿಸಿದೆ, ಡೈನಮೋ ಹಬ್ ಹಾಕಿಸಿ. ಹಿಂದೆಲ್ಲ ಟೈರಿಗೆ ಉಜ್ಜುವ ಬಾಟ್ಲಿ ಡೈನಮೋ ಇತ್ತಲ್ಲ, 6 ವೋಲ್ಟು 3 ವ್ಯಾಟು, ಗೊರ್ರ್ ಅಂತ ಕಾಲು ಎಳೆಯುತ್ತಿತ್ತು. ಇದೂ 6 ವೋಲ್ಟು 3 ವ್ಯಾಟೇ. ಆದ್ರೆ ಸದ್ದಿಲ್ಲ, ಎಳೆತ ಗೊತ್ತಾಗಲ್ಲ. ಎಲ್‌ಇಡಿ ಇರುವುದರಿಂದ ಆ 3 ವ್ಯಾಟ್‌ಗೇ ಹಿರಿಯೂರಿನ ಆಚೆ ಹೈವೇ ಪಕ್ಕದ ಗುಂಡಿಯೆಲ್ಲ ಕಾಣುತ್ತೆ. ಚಾರ್ಜು ಮುಗಿಯಿತು ಅನ್ನೋ ಮಾತೇ ಇಲ್ಲ.

ಸೀಟು ಚರ್ಮದ್ದು, ಬ್ರೂಕ್ಸ್ ಬಿ17. ಹೊಸದರಲ್ಲಿ ಮಣೆ ಮೇಲೆ ಕೂತ ಹಾಗಿತ್ತು. ಈಗ ನನ್ನ ಅಳತೆಗೆ ಕುಳಿ ಬಿದ್ದಿದೆ, ಇನ್ನೊಬ್ಬರು ಕೂತರೆ ಹಿಂಸೆ ಪಡುತ್ತಾರೆ. ಮಳೆಯಲ್ಲಿ ಪ್ಲಾಸ್ಟಿಕ್ ಚೀಲ ಹೊದಿಸಲೇಬೇಕು. ಮಲೆನಾಡಿನವರು ತಗೊಳ್ಳಬೇಡಿ.

ನಂದಿ_ಭಾನುವಾರ

@ಒಳಪೆಡಲ್, ಚಹಾಕ್ಕೆ ಬರ್ತೀನಿ. ಕ್ಯಾನ್ ಬೇಡ.

@ಬ್ರೆವೆ_ಕಾರ್ಡು, ಟೈರು ಎಷ್ಟು ಅಗಲದ್ದು ನಿಮ್ಮದು?

ಬ್ರೆವೆ_ಕಾರ್ಡು

32 ಮಿ.ಮೀ. ತೆಳ್ಳಗಿದ್ದರೆ ಜಾಸ್ತಿ ಸ್ಪೀಡ್ ಅಂತ ಎಲ್ಲರೂ 23 ಹಾಕಿ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದ ಕಾಲ ಇತ್ತು. ಈಗ ರೇಸಿನವರೇ 28ಕ್ಕೆ ಬಂದಿದ್ದಾರೆ. ನುಣುಪಾದ ಟ್ರ್ಯಾಕಲ್ಲಿ ಗಟ್ಟಿ ಗಾಳಿ ಸರಿ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಗಾಡಿಯನ್ನು ಮೇಲಕ್ಕೆ ಎತ್ತುತ್ತೆ, ನೀವು ಮುಂದಕ್ಕೆ ತುಳಿದದ್ದು ಮೇಲಕ್ಕೆ ಹೋಗುತ್ತೆ. ನಮ್ಮ ಸರ್ವೀಸ್ ರೋಡುಗಳಿಗೆ 28ಕ್ಕಿಂತ ಕಡಿಮೆ ಹಾಕುವುದು ಸೊಂಟಕ್ಕೆ ಮಾಡುವ ಅನ್ಯಾಯ.

ವಿಜಯಪುರ_ಟ್ರ್ಯಾಕ್

ಟ್ರ್ಯಾಕ್ ಅಂದ್ರಲ್ಲ, ಅದಕ್ಕೇ ಬಂದೆ.

ನನ್ನ ಗಾಡಿಯಲ್ಲಿ ತೋರಿಸೋಕೆ ಏನೂ ಇಲ್ಲ. ಗೇರಿಲ್ಲ, ಬ್ರೇಕಿಲ್ಲ, ಫ್ರೀವೀಲ್ ಇಲ್ಲ. ಚಕ್ರ ತಿರುಗಿದರೆ ಪೆಡಲ್ಲೂ ತಿರುಗುತ್ತೆ, ನೀವು ಬೇಡ ಅಂದರೂ. ಮುಂದೆ 49, ಹಿಂದೆ 14, ಒಂದು ಸುತ್ತಿಗೆ 7.35 ಮೀಟರ್. ನಂದಿ ಅಣ್ಣನವರ 2.1 ಮೀಟರ್ ನೋಡಿ ನಗು ಬಂತು. ನಗುವುದು ಟ್ರ್ಯಾಕಲ್ಲಿ ಮಾತ್ರ, ಬೆಟ್ಟದಲ್ಲಿ ನಾನು ನಿಮ್ಮ ಹಿಂದೆ ನಡೆದುಕೊಂಡೇ ಬರಬೇಕು.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಅಂದ್ರೆ ಭಾಳ ಹುಚ್ಚು. ಕ್ರೀಡಾ ಹಾಸ್ಟೆಲ್‌ನಿಂದ ರಾಜ್ಯಕ್ಕೆ, ರಾಷ್ಟ್ರಕ್ಕೆ ಆಡಿದವರು ಹಳ್ಳಿ ಹಳ್ಳಿಗೂ ಸಿಗುತ್ತಾರೆ. ಹೆಚ್ಚಿನವರು ರೊಟ್ಟಿ ತಿಂದು ಹೊಲದ ದಾರಿಯಲ್ಲಿ ಹಳೇ ಗಾಡಿ ತುಳಿದು ಬಂದವರೇ. ಬೇಸಿಗೆಯಲ್ಲಿ ಬಯಲಿನ ಎದುರುಗಾಳಿ ಇದೆಯಲ್ಲ, ಅದೇ ನಮಗೆ ಬೆಟ್ಟ.

ಪಟ್ಟಣದ ಹುಡುಗರಿಗೆ ಒಂದು ಮಾತು. ಚೆಂದ ಕಾಣುತ್ತೆ ಅಂತ ಬ್ರೇಕಿಲ್ಲದ ಫಿಕ್ಸಿ (ನನ್ನದರಂತೆ ಫ್ರೀವೀಲ್ ಇಲ್ಲದ ಗಾಡಿ) ರಸ್ತೆಗೆ ಇಳಿಸಬೇಡಿ. ನಾವು ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಮುಂದೆ ಬ್ರೇಕ್ ಹಾಕಿಕೊಂಡೇ ಹೋಗುತ್ತೇವೆ. ನಾಯಿ ಅಡ್ಡ ಬಂದರೆ ಕಾಲಲ್ಲಿ ನಿಲ್ಲಿಸೋಕೆ ಆಗಲ್ಲ.

ಎಂಟನೇಕ್ಲಾಸ್_ಸೈಕಲ್

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇಲ್ಲಿ ನನ್ನ ಗಾಡಿ ಹಾಕಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಹಾಕುತ್ತಿದ್ದೇನೆ. ಇದು ಸರ್ಕಾರ ಕೊಟ್ಟ ಸೈಕಲ್. ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತಲ್ಲ, ನನಗೂ ಸಿಕ್ಕಿತು. ಕೊಪ್ಪಳ ಜಿಲ್ಲೆ. ಹೈಸ್ಕೂಲು ಪಕ್ಕದ ಊರಲ್ಲಿ. ನನ್ನ ಅಕ್ಕನ ಕಾಲಕ್ಕೆ ಇದು ಇರಲಿಲ್ಲ, ಅವಳು ಏಳನೇ ಕ್ಲಾಸಿಗೇ ಬಿಟ್ಟಳು.

ಬದಲಾಯಿಸಿದ್ದು ಏನು ಅಂತ ಕೇಳಿದ್ದೀರಿ. ಎರಡೂ ಟೈರು, ಟ್ಯೂಬು, ಹಿಂದಿನ ರಿಮ್ಮು, ಫ್ರೀವೀಲು, ಚೈನು, ಸೀಟು, ಪೆಡಲ್ಲು, ಮುಂದಿನ ಬುಟ್ಟಿ. ಕ್ಯಾರಿಯರ್ ವೆಲ್ಡಿಂಗ್ ಮಾಡಿಸಿದ್ದು. ಮೊದಲಿನದು ಅಂತ ಉಳಿದಿರುವುದು ಫ್ರೇಮು, ಹ್ಯಾಂಡಲ್ಲು, ಮುಂದಿನ ಮಡ್‌ಗಾರ್ಡು. ಅದೇ ಗಾಡಿಯಲ್ಲಿ ಕಾಲೇಜಿಗೆ ಹೋದೆ, ಈಗ ಅಂಗನವಾಡಿ ಕೆಲಸಕ್ಕೆ ಹೋಗುತ್ತೇನೆ. ಸ್ಕೂಟಿ ಇದೆ, ಅದು ಮನೆಯವರು ಓಡಿಸುತ್ತಾರೆ.

ನನ್ನದೊಂದೇ ಪ್ರಶ್ನೆ. ನಮ್ಮ ಕಡೆ ಬಳ್ಳಾರಿ ಜಾಲಿ ಮುಳ್ಳು ಜಾಸ್ತಿ. ಪಂಚರ್ ಹಾಕಿಸಿ ಬಂದ ಮರುದಿನವೇ ಮತ್ತೆ ಅದೇ ಜಾಗದಲ್ಲಿ ಪಂಚರ್. ಇದಕ್ಕೇನು ಮಾಡುವುದು?

ಕಡ್ಡಿಬ್ರೇಕ್_ಮೈಸೂರು

ಅಮ್ಮಾ, ನಾನು ಈ ಮಾತು ಶುರು ಮಾಡಿದ್ದೇ ಇಂಥ ಗಾಡಿಗಾಗಿ. ಇನ್ನೆರಡು ಫೋಟೋ ಹಾಕಿ, ಕ್ಯಾರಿಯರ್ ವೆಲ್ಡಿಂಗ್ ಹತ್ತಿರದಿಂದ.

ಪಂಚರ್_ಅಂಗಡಿ

ಅಕ್ಕಾ, ಅದೇ ಜಾಗದಲ್ಲಿ ಮತ್ತೆ ಆಗುತ್ತಿದೆ ಅಂದ್ರೆ ಮುಳ್ಳಿನ ತುದಿ ಟೈರಿನೊಳಗೇ ಇದೆ. ಜಾಲಿ ಮುಳ್ಳು ಒಳಗೆ ಹೋಗಿ ಮುರಿಯುತ್ತೆ, ಹೊರಗಿಂದ ಕಾಣಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ ಹಾಗೇ ಮುಚ್ಚಿದರೆ ನಾಳೆ ಮತ್ತೆ ಚುಚ್ಚುತ್ತೆ.

ಟೈರು ಬಿಚ್ಚಿದಾಗ ಒಳಗೆ ಹತ್ತಿ ಉಂಡೆ ಸವರಿ. ಬೆರಳು ಬೇಡ, ಗೀರುತ್ತೆ. ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲೇ ಮುಳ್ಳು. ಉಗುರು ಕತ್ತರಿಯಲ್ಲಿ ಹಿಡಿದು ಎಳೆಯಿರಿ. ಬರದಿದ್ದರೆ ಹೊರಗಿಂದ ಸೂಜಿಯಲ್ಲಿ ಒಳಕ್ಕೆ ತಳ್ಳಿ. ಆಮೇಲೆ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಸುತ್ತ ಹಾಸಿ. ಗಾಡಿ ಸ್ವಲ್ಪ ಭಾರ ಆಗುತ್ತೆ, ಆದ್ರೆ ಪಂಚರ್ ಕಡಿಮೆಯಾಗುತ್ತೆ. ವಾಲ್ವ್ ರಬ್ಬರನ್ನೂ ನೋಡಿ. ಆ ಸಣ್ಣ ರಬ್ಬರ್ ಕೊಳವೆ ಬಿರುಕು ಬಿಟ್ಟರೂ ಗಾಳಿ ಮೆಲ್ಲಗೆ ಹೋಗುತ್ತೆ. ಎಂಜಲು ಸವರಿ ನೋಡಿ, ಗುಳ್ಳೆ ಬಂದರೆ ಅದೇ. ಒಂದೆರಡು ರೂಪಾಯಿ ರಬ್ಬರಿಗೆ ಪಂಚರ್ ಕಾಸು ಕೊಡಬೇಡಿ.

ಯೂಟ್ರೆಕ್ಟ್_ಕನ್ನಡಿಗ

ಓದಿ ಖುಷಿಯಾಯ್ತು. ನೆದರ್ಲೆಂಡ್ಸ್‌ನಲ್ಲಿ ನನ್ನದು ಗಜೆಲ್, ಅಜ್ಜಿ ಸೈಕಲ್ ಅಂತಾರಲ್ಲ ಆ ಥರದ್ದು. ನೋಡೋಕೆ ಮೈಸೂರಿನವರ ರಾಲಿಯ ತಂಗಿ. ಚೈನ್ ಪೆಟ್ಟಿಗೆ ಪೂರ್ತಿ ಮುಚ್ಚಿದ್ದು. ಹಿಂದಿನ ಬ್ರೇಕ್ ಪೆಡಲ್‌ನಲ್ಲೇ ಇದೆ, ಹಿಂದಕ್ಕೆ ತುಳಿದರೆ ನಿಲ್ಲುತ್ತೆ. ಮಳೆಗೂ ಹೆದರಲ್ಲ, ಬ್ರೇಕ್ ಹಬ್ ಒಳಗಿರುತ್ತೆ. ಊರಿಗೆ ಬಂದು ತಮ್ಮನ ಗಾಡಿ ಹತ್ತಿದರೆ ಮೊದಲೆರಡು ದಿನ ಕಾಲು ತಾನಾಗೇ ಹಿಂದಕ್ಕೆ ತುಳಿಯುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿರುತ್ತೆ.

ಬದಲಾಯಿಸಿದ್ದು, ಮುಂದೆ ಮಗುವಿನ ಸೀಟು ಮತ್ತು ಅದಕ್ಕೊಂದು ಗಾಳಿ ತಡೆಯುವ ಗಾಜು. ಬೀಗ ಎರಡು. ಇಲ್ಲಿ ರೈಲ್ವೆ ಸ್ಟೇಷನ್ ಕೆಳಗಿನ ಪಾರ್ಕಿಂಗ್‌ನಲ್ಲಿ ಸುಮಾರು 12,500 ಸೈಕಲ್ ನಿಲ್ಲುತ್ತೆ. ಅಲ್ಲಿ ಯಾರ ಸೈಕಲ್ಲೂ ಯಾರಿಗೂ ತೋರಿಸುವ ವಸ್ತು ಅಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಯಾರಾದ್ರೂ ಚಪ್ಪಲಿ ಹೊಗಳಿಕೊಳ್ತಾರಾ? ಹಾಗಾಗಿ ಇಲ್ಲಿ ಬಂದು ಹೊಗಳಿಕೊಳ್ಳುತ್ತಿದ್ದೇನೆ.

ಹೊಸಬ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ ರೀ. ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ತಗೊಂಡಿದ್ದೇನೆ. 26 ಇಂಚಿನ ಚಕ್ರ, ದಪ್ಪ ಗುಬ್ಬಿ ಟೈರು, ಮುಂದೆ ಸಸ್ಪೆನ್ಷನ್, 3 ಇಂಟು 7 ಗೇರು. ಆಫೀಸಿಗೆ ಹೋಗಬೇಕು, ಭಾನುವಾರ ಧಾರವಾಡದವರೆಗೆ. ಕೈಯಲ್ಲಿ ಸ್ವಲ್ಪ ದುಡ್ಡಿದೆ. ಮೊದಲು ಏನು ಬದಲಾಯಿಸಲಿ? ಕಾರ್ಬನ್ ಹ್ಯಾಂಡಲ್ ಒಂದು ನೋಡಿದ್ದೇನೆ.

ಬ್ರೆವೆ_ಕಾರ್ಡು

ಹ್ಯಾಂಡಲ್ ಬಿಡಿ. ಮೊದಲು ಟೈರು. ಗುಬ್ಬಿ ಟೈರು ಡಾಂಬರಿನಲ್ಲಿ ಗುಂಯ್ ಅಂತ ಸದ್ದು ಮಾಡಿ ನಿಮ್ಮ ಶಕ್ತಿ ತಿನ್ನುತ್ತೆ. 26ಕ್ಕೇ ಬರುವ ನುಣುಪು ಟೈರು, ಒಂದೂವರೆ ಇಂಚು ಅಗಲದ್ದು, ಹಾಕಿ. ಸಸ್ಪೆನ್ಷನ್‌ಗೆ ಲಾಕ್ ಇದ್ದರೆ ಹಾಕಿ ಇಡಿ. ಉಳಿದ ದುಡ್ಡಿಗೆ ದೀಪ.

ಪಂಚರ್_ಅಂಗಡಿ

ಅದಕ್ಕೂ ಮೊದಲು ದುಡ್ಡು ಖರ್ಚಾಗದ ಕೆಲಸ ಒಂದಿದೆ. ಸೀಟು ಏರಿಸಿ. ಹಿಮ್ಮಡಿ ಪೆಡಲ್ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ಹತ್ತಕ್ಕೆ ಎಂಟು ಜನ ಸೀಟು ತಗ್ಗಿಸಿಕೊಂಡು ಮಂಡಿ ನೋವು ಅಂತಾರೆ.

ಸೆಕೆಂಡ್ ಹ್ಯಾಂಡ್ ಅಂದ್ರಲ್ಲ, ಚೈನೂ ಅಳೆಯಿರಿ. ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಹೊಸ ಚೈನಾದರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ ಬರುತ್ತೆ. ಪಿನ್ನು 12 ಇಂಚು ದಾಟಿ ಒಂದು ಇಂಚಿನ 16ನೇ ಒಂದು ಭಾಗ ಆಚೆ ಹೋಗಿದ್ದರೆ ಚೈನ್ ಬದಲಾಯಿಸುವ ಹೊತ್ತು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಗಳೂ ಹೋದವು, ಎರಡನ್ನೂ ಒಟ್ಟಿಗೆ ಹಾಕಿ.

ನಂದಿ_ಭಾನುವಾರ

ಇದು ನಮ್ಮಂಥವರಿಗೂ ಅನ್ವಯಿಸುತ್ತೆ. 11 ಸ್ಪೀಡ್‌ನವರು 16ನೇ ಒಂದು ಭಾಗ ದಾಟೋಕೆ ಬಿಡಬೇಡಿ, ಮುಟ್ಟುತ್ತಿದ್ದ ಹಾಗೇ ಬದಲಾಯಿಸಿ. ಕ್ಯಾಸೆಟ್ ಬೆಲೆ ನೆನಪಿಸಿಕೊಳ್ಳಿ. ಕ್ಷಮಿಸಿ ಮೈಸೂರು ಸರ್, ಬೆಲೆ ಮಾತು ಬಂದುಬಿಟ್ಟಿತು.

ಹೊಸಬ_ಹುಬ್ಬಳ್ಳಿ

ಸೀಟು ಏರಿಸಲು ಹೋದೆ, ಕಂಬ ಅಲುಗಾಡುತ್ತಿಲ್ಲ. ಬೋಲ್ಟ್ ಸಡಿಲಿಸಿ ಆಯ್ತು. ಕಂಬ ಅಲ್ಯೂಮಿನಿಯಂ, ಫ್ರೇಮು ಸ್ಟೀಲು. ಚೈನು ಮಾತ್ರ ಅಳತೆ ಸರಿ ಇದೆ.

ಪಂಚರ್_ಅಂಗಡಿ

ಹಿಡಿದುಕೊಂಡಿದೆ ಅದು. ಸುತ್ತಿಗೆ ಎತ್ತಬೇಡಿ. ಕಂಬದ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಸೀಟನ್ನೇ ಹಿಡಿಕೆ ಮಾಡಿಕೊಂಡು ಎಡಕ್ಕೂ ಬಲಕ್ಕೂ ತಿರುಗಿಸಿ, ಮೇಲಕ್ಕೆ ಎಳೆಯಬೇಡಿ. ಒಬ್ಬರು ಫ್ರೇಮ್ ಗಟ್ಟಿ ಹಿಡಿಯಲಿ. ಬಂದ ಮೇಲೆ ಒಳಗೂ ಹೊರಗೂ ಒರೆಸಿ, ಗ್ರೀಸ್ ಹಚ್ಚಿ ಹಾಕಿ. ಕಂಬದ ಮೇಲೆ ಗೆರೆ ಹೊಡೆದಿರುತ್ತೆ, ಅದು ಕಾಣುವಷ್ಟು ಮೇಲೆ ಏರಿಸಬೇಡಿ. ಬರಲಿಲ್ಲ ಅಂದ್ರೆ ಫೋಟೋ ಹಾಕಿ, ನೋಡೋಣ.

ಮಲೆನಾಡ_ಮಳೆ

ಕಂಬ ಬಂದ್ರೆ ಹಾಗೇ ಒಂದು ಸಲ ಫ್ರೇಮ್ ತಲೆಕೆಳಗು ಮಾಡಿ ನೋಡಿ. ಎಷ್ಟು ನೀರು ಬಂತು ಅಂತ ಇಲ್ಲಿ ಹೇಳಿ.